ವ್ಯಾನ್ ನಿಂತರೆ ಮೊದಲು ಪಂಪಿಗೆ ಕೈ ಹಾಕಬೇಡಿ

ಕಳೆದ ತಿಂಗಳು ಸದಸ್ಯರೊಬ್ಬರು ಫೋನ್ ಮಾಡಿದ್ದರು. ಅವರ ಕ್ಯಾಟರಿಂಗ್ ವ್ಯಾನ್ ಮಧ್ಯಾಹ್ನದ ಬಿಸಿಲಿನಲ್ಲಿ ದಾರಿಯಲ್ಲೇ ನಿಂತುಬಿಡುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುತ್ತದೆ, ಗ್ಯಾರೇಜಿನವರು ಪೆಟ್ರೋಲ್ ಟ್ಯಾಂಕಿನ ಪಂಪ್ ಬದಲಿಸಬೇಕು ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದರು. ಇದೇ ಕಾಯಿಲೆ 2022ರ ಮೇ ತಿಂಗಳಲ್ಲಿ ನಮ್ಮ ವ್ಯಾನಿಗೂ ಬಂದಿತ್ತು. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು, ಇಂಜಿನಿಯರ್ ಅಲ್ಲ. ದುಡ್ಡು ಕೊಟ್ಟು ಕಲಿತ ಪಾಠವಾದ್ದರಿಂದ ಬರೆಯುತ್ತಿದ್ದೇವೆ.

ಆ ದಿನ ಬುಟಿಬೋರಿಯಲ್ಲಿ 250 ಊಟದ ಆರ್ಡರ್ ಇತ್ತು. ವ್ಯಾನ್ ಹನ್ನೊಂದೂವರೆಗೆ ಹೊರಟು ವರ್ಧಾ ರಸ್ತೆಯಲ್ಲಿ ಖಾಪ್ರಿ ದಾಟಿ ಸ್ವಲ್ಪ ದೂರದಲ್ಲಿ ನಿಂತಿತು. ನಾಗಪುರದ ಮೇ ಬಿಸಿಲು ನಿಮಗೆ ಗೊತ್ತೇ ಇದೆ, 45 ಡಿಗ್ರಿ ದಾಟಿದರೂ ಇಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ಅರ್ಧ ಗಂಟೆಗೆ ಹೊರಟಿತು, ಮತ್ತೆ ನಿಂತಿತು. ಊಟ ತಲುಪುವಾಗ ಎರಡು ಗಂಟೆ. ಮೊಸರನ್ನ ಹುಳಿ ಬಂದು ಚೆಲ್ಲಬೇಕಾಯಿತು. ಪಾರ್ಟಿಯವರು ಬಿಲ್ಲಿನಲ್ಲಿ ಕಡಿತ ಮಾಡಿದರು, ಅವರನ್ನು ದೂರುವಂತಿಲ್ಲ.

ನಾವು ಸಿಟ್ಟು ತೀರಿಸಿಕೊಂಡದ್ದು ಡ್ರೈವರ್ ಮೇಲೆ. ಪೆಟ್ರೋಲ್ ಕದ್ದು ಸೀಮೆಎಣ್ಣೆ ಬೆರೆಸಿದ್ದೀಯಾ ಎಂದು ಅಡಿಗೆಯವರೆಲ್ಲರ ಎದುರಿಗೇ ಕೇಳಿದೆವು. ಆತ "ನಹೀ ಶೇಠ್‌ಜೀ" ಎಂದಷ್ಟೇ ಹೇಳಿದ. ಎಂಟು ದಿನದ ಸಂಬಳ ಹಿಡಿದೆವು. ಗ್ಯಾರೇಜಿನವರು ಟ್ಯಾಂಕ್ ಇಳಿಸಿ ಹೊಸ ಪಂಪ್ ಹಾಕಿ ಏಳು ಸಾವಿರ ತೆಗೆದುಕೊಂಡರು. ನಾಲ್ಕನೇ ದಿನ ಮಧ್ಯಾಹ್ನ ವ್ಯಾನ್ ಅದೇ ರೀತಿ ನಿಂತಿತು. ಅಷ್ಟರಲ್ಲಿ ಡ್ರೈವರ್ ಕೆಲಸ ಬಿಟ್ಟಾಗಿತ್ತು.

ಈಗ ವಿಷಯಕ್ಕೆ ಬರೋಣ. ಹಿಂದಿನ ಕಾರ್ಬ್ಯುರೇಟರ್ ವ್ಯಾನುಗಳಲ್ಲಿ ಪೆಟ್ರೋಲ್ ಎಳೆಯುವ ಪಂಪ್ ಇಂಜಿನ್ನಿನ ಬಲದಿಂದಲೇ ನಡೆಯುತ್ತಿತ್ತು. ಇಂಜೆಕ್ಷನ್ ಬಂದ ಮೇಲೆ ಪಂಪ್ ಟ್ಯಾಂಕಿನೊಳಗೆ ಹೋಯಿತು, ಕರೆಂಟಿನಿಂದ ನಡೆಯುತ್ತದೆ, ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಆ ಕರೆಂಟನ್ನು ಕೊಡುವುದು, ನಿಲ್ಲಿಸುವುದು ಬೇರೆ ಒಂದು ಸಾಮಾನಿನ ಕೆಲಸ. ನಮ್ಮ ದೇಶದ ಅನೇಕ ವ್ಯಾನುಗಳಲ್ಲಿ ಅದು ಬರೀ ರಿಲೇ. ಕೆಲವು ಗಾಡಿಗಳಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆ ಇರುತ್ತದೆ, ಅದಕ್ಕೆ ಪಂಪ್ ಕಂಟ್ರೋಲ್ ಮಾಡ್ಯೂಲ್ ಎನ್ನುತ್ತಾರೆ. ಇಂಜಿನ್ ಕಂಪ್ಯೂಟರಿನ ಹುಕುಂ ಕೇಳಿ, ಗಾಡಿ ನಿಧಾನವಿದ್ದಾಗ ಪಂಪನ್ನು ನಿಧಾನವಾಗಿಯೂ ಲೋಡ್ ಇದ್ದಾಗ ಜೋರಾಗಿಯೂ ತಿರುಗಿಸುತ್ತದೆ. ನಮ್ಮ ಅಡಿಗೆಮನೆಯ ಲೆಕ್ಕದಲ್ಲಿ ಪಂಪ್ ಎಂದರೆ ಒಲೆ, ಮಾಡ್ಯೂಲ್ ಎಂದರೆ ಗ್ಯಾಸಿನ ರೆಗ್ಯುಲೇಟರ್. ರೆಗ್ಯುಲೇಟರ್ ಕೆಟ್ಟಾಗ ಒಲೆ ಬದಲಿಸಿದರೆ ಉರಿ ಬರುತ್ತದೆಯೇ?

ನಮ್ಮ ಗಾಡಿಯಲ್ಲಿ ಆ ಪೆಟ್ಟಿಗೆ ಇದ್ದದ್ದು ಹಿಂಭಾಗದ ತಳದಲ್ಲಿ. ಕಂಡುಹಿಡಿದವರು ಅಮರಾವತಿ ರಸ್ತೆಯ ವಾಡಿಯಲ್ಲಿ ಲಾರಿಗಳ ವೈರಿಂಗ್ ಮಾಡುವ ಒಬ್ಬ ಹಿರಿಯ ಮಿಸ್ತ್ರಿ. ಅವರು ಮೊದಲು ಕೀ ಆನ್ ಮಾಡಿ ಕಿವಿಗೊಟ್ಟರು. ಸ್ಟಾರ್ಟ್ ಮಾಡುವ ಮೊದಲು ಕೀ ತಿರುಗಿಸಿದಾಗ ಎರಡು ಮೂರು ಸೆಕೆಂಡು ಟ್ಯಾಂಕಿನ ಕಡೆಯಿಂದ ಜುಂಯ್ ಎಂದು ಸದ್ದು ಬರಬೇಕು. ತಣ್ಣಗಿರುವಾಗ ಬರುತ್ತಿತ್ತು, ಗಾಡಿ ನಿಂತಾಗ ಬರುತ್ತಿರಲಿಲ್ಲ. ಆಮೇಲೆ ಫ್ಯೂಸ್ ನೋಡಿದರು. ರಿಲೇ ತೆಗೆದು ಅದೇ ನಂಬರಿನ ಹಾರ್ನ್ ರಿಲೇ ಹಾಕಿ ನೋಡಿದರು. ಎರಡೂ ಸರಿ ಇದ್ದವು. ಸ್ಕ್ಯಾನರಿನಲ್ಲಿ ಪಿ0230 ಎಂಬ ಕೋಡ್ ಬಂದಿತ್ತು. ಅದರ ಅರ್ಥ ಪಂಪಿನ ಕರೆಂಟಿನ ದಾರಿಯಲ್ಲಿ ದೋಷ ಎಂದೇ ಹೊರತು ಪಂಪ್ ಕೆಟ್ಟಿದೆ ಎಂದಲ್ಲ. ಗ್ಯಾರೇಜಿನವರೂ ಅದೇ ಕೋಡ್ ನೋಡಿಯೇ ಪಂಪ್ ಮಾರಿದ್ದರು!

ಮುಂದಿನ ಪರೀಕ್ಷೆಯನ್ನು ಎಲ್ಲರೂ ನೆನಪಿಡಬೇಕು. ಪಂಪಿನ ಕನೆಕ್ಟರ್ ಬಿಡಿಸಿ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ಸರಿ ಇದೆ ಎಂದು ಮೋಸ ಹೋಗುತ್ತೇವೆ. ತುಕ್ಕು ಹಿಡಿದ ತಂತಿಯೂ ಮೀಟರಿಗೆ 12 ತೋರಿಸಬಲ್ಲದು, ಭಾರ ಬಿದ್ದಾಗ ಮಾತ್ರ ಕೈಕೊಡುತ್ತದೆ. ಆದ್ದರಿಂದ ಮಿಸ್ತ್ರಿ ಹೆಡ್‌ಲೈಟಿನ 55 ವ್ಯಾಟ್ ಬಲ್ಬಿಗೆ ಉದ್ದ ತಂತಿ ಹಾಕಿ, ಬಲ್ಬನ್ನು ಟ್ಯಾಂಕಿನಿಂದ ದೂರ ಇಟ್ಟು ಜೋಡಿಸಿದರು. ಆ ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಪಂಪ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಬಲ್ಬು ಪ್ರಕಾಶವಾಗಿ ಉರಿಯಿತು. ಮಧ್ಯಾಹ್ನ ಗಾಡಿ ಓಡಿಸಿ ಬಂದು ಮತ್ತೆ ಹಾಕಿದಾಗ ಮಿಣಿಮಿಣಿ ಎಂದು ಆರಿಹೋಯಿತು. ಮಾಡ್ಯೂಲಿನ ಬೆನ್ನಿಗೆ ಒದ್ದೆ ಬಟ್ಟೆ ಒತ್ತಿ ಹತ್ತು ನಿಮಿಷ ಬಿಟ್ಟರು, ಬಲ್ಬು ಪುನಃ ಹತ್ತಿತು. ಇನ್ನು ಯಾವ ಸಾಕ್ಷಿ ಬೇಕು?

ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಬಣ್ಣ ಕಟ್ಟಿತ್ತು. ನಮಗೆ ನೋಡಿದ ಕೂಡಲೇ ಗೊತ್ತಾಯಿತು, ಅದು ಕಿಲುಬು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಏನಾಗುತ್ತದೆ ಎಂದು ಯಾವ ಭಟ್ಟರನ್ನು ಕೇಳಿದರೂ ಹೇಳುತ್ತಾರೆ. ವ್ಯಾನಿನಲ್ಲಿ ಸಾಂಬಾರ್, ಮಜ್ಜಿಗೆ, ಉಪ್ಪಿನಕಾಯಿ ರಸ ಚೆಲ್ಲುತ್ತದೆ. ರಾತ್ರಿ ಹುಡುಗರು ಪೈಪ್ ಹಿಡಿದು ನೆಲ ತೊಳೆಯುತ್ತಾರೆ. ಆ ಉಪ್ಪು ಹುಳಿ ನೀರೆಲ್ಲ ನೆಲದ ಸಂದಿನಿಂದ ಇಳಿದು ನೇರವಾಗಿ ಮಾಡ್ಯೂಲಿನ ಮೇಲೆ. ಹೀಗೆ ವರ್ಷಗಟ್ಟಲೆ ನಾವೇ ಅದಕ್ಕೆ ಸಾಂಬಾರ್ ಬಡಿಸಿದ್ದೆವು. ಅಮೆರಿಕದಲ್ಲೂ ಈ ಕಥೆ ಇದೆ. 2004ರಿಂದ 2008ರವರೆಗಿನ ಫೋರ್ಡ್ ಎಫ್-150 ಪಿಕಪ್‌ಗಳಲ್ಲಿ ಇದೇ ಪೆಟ್ಟಿಗೆಯನ್ನು ಸ್ಟೆಪ್ನಿಯ ಮೇಲ್ಗಡೆ ಕಬ್ಬಿಣದ ಚೌಕಟ್ಟಿಗೆ ಒತ್ತಿ ಕೂರಿಸಿದ್ದರು. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ನಡುವೆ ಸೇರಿ ಅಲ್ಯೂಮಿನಿಯಂ ತಿಂದುಹಾಕುತ್ತಿತ್ತು. ಬದಲಿಸುವಾಗ ನಡುವೆ ಬುಷ್ ಕೊಟ್ಟು ಗಾಳಿಯಾಡಲು ಜಾಗ ಬಿಡುವುದೇ ಅಲ್ಲಿನ ಪರಿಹಾರವಾಯಿತು.

ನಮ್ಮಲ್ಲೂ ಹಾಗೆಯೇ ಮಾಡಿದೆವು. ಕೆಲಸಕ್ಕೆ ಮೊದಲು ಗ್ಯಾಸ್ ಸಿಲಿಂಡರ್, ಒಲೆ ಎಲ್ಲ ಇಳಿಸಬೇಕು. ಇದು ನಮ್ಮ ವೃತ್ತಿಯ ಗಾಡಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬ್ಯಾಟರಿಯ ನೆಗೆಟಿವ್ ಬಿಡಿಸಬೇಕು. ಹೊಸ ಮಾಡ್ಯೂಲ್ ತರುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್ ಅಕ್ಷರ ಅಕ್ಷರ ತಾಳೆ ನೋಡಿ, ಆಕಾರ ಒಂದೇ ಇದ್ದ ಮಾತ್ರಕ್ಕೆ ನಂಬಬೇಡಿ. ಕೆಲವಕ್ಕೆ ಸ್ಕ್ಯಾನರಿನಿಂದ ಗಾಡಿಯ ಜತೆ ಹೊಂದಿಸುವ ಕೆಲಸವೂ ಇರುತ್ತದೆ, ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಕಿಲುಬು ಹಿಡಿದ ಕನೆಕ್ಟರನ್ನೇ ಉಳಿಸಿಕೊಂಡು ಹೊಸ ಮಾಡ್ಯೂಲ್ ಹಾಕುವುದು ಹಳಸಿದ ಹಿಟ್ಟಿಗೆ ಹೊಸ ಹಿಟ್ಟು ಬೆರೆಸಿದಂತೆ, ಅದನ್ನೂ ಬದಲಿಸಿ. ಪಂಪಿನ ಅರ್ತ್ ತಂತಿ ಬಾಡಿಗೆ ಸೇರುವ ಜಾಗ ಉಜ್ಜಿ ಬಿಗಿ ಮಾಡಿಸಿ. ಕೊನೆಗೆ ಪಂಪ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಅಳೆಸಿ. ಸವೆದ ಪಂಪ್ ಹೆಚ್ಚು ಎಳೆದು ಹೊಸ ಮಾಡ್ಯೂಲನ್ನೂ ಸುಡುತ್ತದೆ. ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಸದಾ ರಿಸರ್ವಿನಲ್ಲಿ ಓಡಿಸುವ ನಮ್ಮ ಅಭ್ಯಾಸವೂ ತಪ್ಪು, ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ. ಡೀಸೆಲ್ ಪಿಕಪ್ ಇಟ್ಟವರಿಗೆ ಒಂದು ಮಾತು. ಕಾಮನ್ ರೈಲ್ ಇಂಜಿನ್ನಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಇಂಜಿನ್ ಚಾಲೂ ಇರುವಾಗ ಪೈಪಿನ ನಟ್ಟು ಸಡಿಲಿಸಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹುಡುಗರಿಗೆ ಬಿಡಬೇಡಿ.

ಪಂಪೇ ಕೆಟ್ಟಿರುವ ಪ್ರಸಂಗವೂ ಇಲ್ಲದಿಲ್ಲ. 2024ರ ಮಾರ್ಚಿನಲ್ಲಿ ಮಾರುತಿ ಸುಜುಕಿ ಕಂಪನಿಯು 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದ 11,851 ಬಲೇನೋ ಮತ್ತು 4,190 ವ್ಯಾಗನ್ ಆರ್ ಕಾರುಗಳನ್ನು ಫ್ಯೂಯಲ್ ಪಂಪಿನ ಮೋಟಾರಿನ ದೋಷಕ್ಕಾಗಿ ವಾಪಸು ಕರೆದು ಉಚಿತವಾಗಿ ಬದಲಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಕೈಯಿಂದ ಹಣ ಕೊಡುವ ಮೊದಲು ನಿಮ್ಮ ಗಾಡಿಯ ಚಾಸಿಸ್ ನಂಬರ್ ಕೊಟ್ಟು ಡೀಲರ್ ಬಳಿ ವಿಚಾರಿಸಿ.

ನಾವು ಈಗ ವ್ಯಾನಿನ ನೆಲಕ್ಕೆ ಅಂಚು ಎತ್ತರವಿರುವ ಸ್ಟೀಲ್ ಟ್ರೇ ಮಾಡಿಸಿದ್ದೇವೆ, ಸಾಂಬಾರ್ ಕ್ಯಾನುಗಳು ಅದರಲ್ಲೇ. ನೆಲ ತೊಳೆಯುವುದಿಲ್ಲ, ಒರೆಸುತ್ತೇವೆ. ಹಳೆಯ ಡ್ರೈವರ್ ಮನೆಗೆ ನಾವೇ ಹೋಗಿ ಎಂಟು ದಿನದ ಸಂಬಳ ಕೊಟ್ಟು, ತಪ್ಪಾಯಿತು ಎಂದೆವು. ಹಣ ತೆಗೆದುಕೊಂಡ. ಕೆಲಸಕ್ಕೆ ಬರಲು ಮಾತ್ರ ಇನ್ನೂ ಎರಡು ತಿಂಗಳು ಮಾಡಿದ. ಬಂದ ದಿನ, ಆ ಕೆಟ್ಟ ಮಾಡ್ಯೂಲನ್ನು ಅಡಿಗೆಯವರೆಲ್ಲರಿಗೂ ತೋರಿಸಬೇಕು ಎಂದು ಕೇಳಿದ. ತೋರಿಸಿದೆವು.