ತೂಕ ಇಳಿದರೂ ಫೋಟೊದಲ್ಲೇಕೆ ದಪ್ಪ?

ಪ್ರಶ್ನೆ: ಮೂವತ್ತು ಕಿಲೊ ಇಳಿಸಿದವರಿಗೂ ಫೋಟೊದಲ್ಲಿ ತಾವು ದಪ್ಪಗೇ ಇದ್ದೇವೆ ಅನಿಸುವುದೇಕೆ?

ಉತ್ತರ: ಮೈ ಕರಗಿದಷ್ಟು ಬೇಗ ಮನಸ್ಸಿನೊಳಗಿನ ಚಿತ್ರ ಬದಲಾಗುವುದಿಲ್ಲ. ಹಳೆಯ ಗಾತ್ರದ ಅಂದಾಜಿನಲ್ಲೇ ಬಸ್ಸಿನ ಸೀಟಿನಲ್ಲಿ ಮುದುಡಿ ಕೂರುವವರು, ಅಂಗಡಿಯಲ್ಲಿ ಡಬಲ್ ಎಕ್ಸ್‌ಎಲ್ ಅಂಗಿಗೇ ಕೈ ಹಾಕುವವರು ಇದ್ದಾರೆ. ಇದಕ್ಕೆ ‘ಫ್ಯಾಂಟಮ್ ಫ್ಯಾಟ್’ ಎಂಬ ಹೆಸರೇ ಇದೆ.

ಕ್ಯಾಮೆರಾದ ಪಾಲೂ ಉಂಟು. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದಂತೆ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಈ ಉಬ್ಬು ಇಲ್ಲ. ಜೊತೆಗೆ, ಕನ್ನಡಿ ತೋರುವುದು ಎಡಬಲ ಅದಲುಬದಲಾದ ಮುಖವನ್ನು; ಅದಕ್ಕೇ ಒಗ್ಗಿದ ಕಣ್ಣಿಗೆ ಫೋಟೊದ ಮುಖ ಬೇರೆಯಾಗಿ ಕಾಣುತ್ತದೆ. 1977ರ ಪ್ರಯೋಗವೊಂದರಲ್ಲಿ ಹೆಚ್ಚಿನವರು ತಮ್ಮ ಕನ್ನಡಿ ರೂಪವನ್ನೇ ಮೆಚ್ಚಿದರೆ, ಅವರ ಗೆಳೆಯರು ನಿಜರೂಪವನ್ನು ಮೆಚ್ಚಿದ್ದರು.

ಇನ್ನು, ತೂಕ ಇಳಿದ ಮೇಲೂ ಹೊಟ್ಟೆ, ತೋಳುಗಳಲ್ಲಿ ಜೋಲುವುದು ಬಹುಪಾಲು ಚರ್ಮ. ವರ್ಷಗಟ್ಟಲೆ ಹಿಗ್ಗಿದ ಅದರ ಕೊಲಾಜೆನ್, ಎಲಾಸ್ಟಿನ್ ನಾರುಗಳು ಮೊದಲಿನಂತೆ ಬಿಗಿಯಾಗುವುದು ಕಷ್ಟ.

ಮದುವೆಮನೆಯ ಗ್ರೂಪ್ ಫೋಟೊ ನೋಡಿ ಕುಗ್ಗುವ ಬದಲು, ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು, ಅದೇ ದೂರದಲ್ಲಿ ತೆಗೆಸಿದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಬೇಸರ ಊಟ ಬಿಡುವ ಮಟ್ಟಕ್ಕೆ ಹೋದರೆ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.