ಸೀರೆ ಉಟ್ಟವರೆಲ್ಲ ಒಂದೇ ಅಲ್ಲ: ವೇಷ, ಒಲವು ಮತ್ತು ನಮ್ಮ ತಪ್ಪು ಕಲ್ಪನೆಗಳು

ರಾಯಚೂರು ನಗರದಲ್ಲಿ ಮಕ್ಕಳ ವಸತಿ ನಿಲಯವೊಂದನ್ನು ನೋಡಿಕೊಳ್ಳುತ್ತಿರುವ ಧರ್ಮಭಗಿನಿಯೊಬ್ಬರು ಕೆಲವು ತಿಂಗಳ ಹಿಂದೆ ದೂರವಾಣಿ ಮಾಡಿದ್ದರು. ಅವರು ನಮ್ಮ ಕರಾವಳಿಯವರೇ. ನಿಲಯದಲ್ಲಿ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ಹುಡುಗನಿದ್ದಾನೆ, ಎಂಟನೇ ತರಗತಿ. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ತಾಯಿಯ ಪಾತ್ರ ಮಾಡಿದ. ಸೀರೆ, ಬಳೆ ಎಲ್ಲವೂ ಅವನಿಗೆ ಒಪ್ಪಿದವು. ಸಭೆ ಚಪ್ಪಾಳೆ ತಟ್ಟಿತು. ಮರುದಿನದಿಂದಲೇ ಅಡ್ಡ ಹೆಸರು ಶುರುವಾಯಿತು. ವಾರದೊಳಗೆ ಉಳಿದ ಹುಡುಗರು ಅವನ ಚಾಪೆಯನ್ನು ತಮ್ಮ ಸಾಲಿನಿಂದ ಎಳೆದು ಬಾಗಿಲ ಬಳಿ ಹಾಕಿದರು. ಸುದ್ದಿ ತಿಳಿದು ತಂದೆ ಬಂದರು. "ಹುಲಿಗೆಮ್ಮನ ಗುಡಿಗೆ ಕರಕೊಂಡು ಹೋಗ್ತೀನ್ರಿ ಸಿಸ್ಟರ್. ಇಲ್ಲಾಂದ್ರ ಲಗೂನ ಒಂದು ಮದುವಿ ಮಾಡಿಬಿಡ್ತೀನ್ರಿ" ಎಂದರಂತೆ.

ಸಿಸ್ಟರ್ ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: "ಫಾದರ್, ಈ ಹುಡುಗ 'ಆ ಥರದವನಾ'? ಇವನನ್ನು ಉಳಿದ ಮಕ್ಕಳ ಜೊತೆ ಇಟ್ಟುಕೊಳ್ಳಬಹುದಾ?"

ಈ ಪ್ರಶ್ನೆ ಅವರೊಬ್ಬರದ್ದಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಕುಟುಂಬಗಳಲ್ಲಿ ಇದೇ ಪ್ರಶ್ನೆ ಪಿಸುಮಾತಿನಲ್ಲಿ ಸುಳಿದಾಡುತ್ತದೆ. ಹಾಗಾಗಿ ಸಾಮಾನ್ಯವಾದ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

1. "ಹೆಣ್ಣಿನ ಉಡುಪು ತೊಟ್ಟವನು ಸಲಿಂಗಿ"

ಇಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತಿದ್ದೇವೆ. ಒಬ್ಬ ವ್ಯಕ್ತಿ ಏನನ್ನು ಉಡುತ್ತಾನೆ ಎಂಬುದು ಒಂದು. ತಾನು ಗಂಡೋ ಹೆಣ್ಣೋ ಎಂದು ಒಳಗೆ ತನ್ನನ್ನು ಹೇಗೆ ಅರಿತಿದ್ದಾನೆ ಎಂಬುದು ಇನ್ನೊಂದು. ಅವನ ಮನಸ್ಸು ಯಾರ ಕಡೆಗೆ ಸೆಳೆಯುತ್ತದೆ ಎಂಬುದು ಮೂರನೆಯದು. ಇದನ್ನೇ ಲೈಂಗಿಕ ಒಲವು ಎನ್ನುತ್ತಾರೆ. ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಬರುವುದಿಲ್ಲ.

ಕರಾವಳಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಯಕ್ಷಗಾನದಲ್ಲಿ ತಲೆತಲಾಂತರದಿಂದ ಗಂಡಸರೇ ಸ್ತ್ರೀವೇಷ ಮಾಡುತ್ತ ಬಂದಿದ್ದಾರೆ. ರಾತ್ರಿಯಿಡೀ ದ್ರೌಪದಿಯಾಗಿ ಕುಣಿದವರು ಬೆಳಿಗ್ಗೆ ಬಣ್ಣ ತೊಳೆದು ಹೆಂಡತಿ ಮಕ್ಕಳಿರುವ ಮನೆಗೆ ಹೋಗುತ್ತಾರೆ. ಅವರ ಒಲವಿನ ಬಗ್ಗೆ ಪ್ರೇಕ್ಷಕರು ಪ್ರಶ್ನೆ ಎತ್ತುವುದಿಲ್ಲ. ಇದರ ಎದುರು ಮಗ್ಗುಲೂ ಇದೆ. ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ಭೀಮರಂಥ ಗಂಡು ಪಾತ್ರಗಳನ್ನು ಗದೆ ಹಿಡಿದು ಅಬ್ಬರಿಸಿ ಆಡಿದರು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ರಂಗದ ಮೇಲೆ ಒಪ್ಪಿಕೊಂಡ ಸತ್ಯವನ್ನು ವಸತಿ ನಿಲಯದ ಬಾಗಿಲಲ್ಲಿ ಮರೆಯುವುದೇಕೆ?

2. "ಸಲಿಂಗಿಗಳು ಹೆಣ್ಣಿನಂತೆ ಇರುತ್ತಾರೆ, ನೋಡಿದರೇ ಗೊತ್ತಾಗುತ್ತದೆ"

ಗೊತ್ತಾಗುವುದಿಲ್ಲ. ತನ್ನದೇ ಲಿಂಗದವರ ಕಡೆಗೆ ಒಲವಿರುವ ಗಂಡಸರು ಹಲವರು ಉಳಿದ ಗಂಡಸರಂತೆಯೇ ನಡೆಯುತ್ತಾರೆ, ಮಾತಾಡುತ್ತಾರೆ, ಪ್ಯಾಂಟು ಶರ್ಟು ತೊಡುತ್ತಾರೆ. ಹೆಂಗಸರಲ್ಲೂ ಹೀಗೆಯೇ. ಮೃದು ಸ್ವಭಾವದ, ಅಡುಗೆ ರಂಗೋಲಿ ಇಷ್ಟಪಡುವ ಹುಡುಗ ಮುಂದೆ ಹುಡುಗಿಯನ್ನೇ ಪ್ರೀತಿಸಿ ಮದುವೆಯಾಗಬಹುದು. 'ಗುರುತು ಹಿಡಿಯುವ' ನಮ್ಮ ಜಾಣತನದಿಂದ ಇಬ್ಬರಿಗೆ ಅನ್ಯಾಯವಾಗುತ್ತದೆ. ಒಬ್ಬ ಇಲ್ಲದ ಹೆಸರನ್ನು ಹೊರುತ್ತಾನೆ, ಇನ್ನೊಬ್ಬ ಆ ಹಾಸ್ಯವನ್ನು ಕೇಳಿ ತನ್ನ ಬಾಯಿ ಹೊಲಿದುಕೊಳ್ಳುತ್ತಾನೆ.

3. "ಜೋಗಪ್ಪ, ಹಿಜ್ರಾ, ಸಲಿಂಗಿ ಎಲ್ಲಾ ಒಂದೇ"

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸೀಮೆಯಲ್ಲಿ ಕೆಲಸ ಮಾಡುವವರು ಇದನ್ನು ತಿಳಿದಿರಲೇಬೇಕು. ಸವದತ್ತಿಯ ಯಲ್ಲಮ್ಮ, ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮ ಈ ಭಾಗದ ಜನರ ದೊಡ್ಡ ದೇವತೆಗಳು. ದೇವಿಯೇ ತನ್ನನ್ನು ಹಿಡಿದಳು ಎಂಬ ನಂಬಿಕೆಯಿಂದ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಚೌಡಿಕೆ ನುಡಿಸುತ್ತ ಹಾಡುವವರು ಜೋಗಪ್ಪಗಳು. ಜನ ಅವರನ್ನು ಜೋಗತಿ ಎಂದೂ ಕರೆಯುತ್ತಾರೆ. ಅವರಲ್ಲಿ ಹಲವರು ತಮ್ಮನ್ನು ಹೆಣ್ಣೆಂದೇ ಅರಿತವರು. ಮದುವೆಯಾಗಿ ಮಕ್ಕಳಿದ್ದವರೂ ಇದ್ದಾರೆ. ಹಿಜ್ರಾ ಸಮುದಾಯದ್ದು ಬೇರೆ ಪರಂಪರೆ. ಅಲ್ಲಿ ಗುರು ಶಿಷ್ಯರ 'ಮನೆ'ಗಳಿವೆ, ನಿರ್ವಾಣ ಎನ್ನುವ ಶಸ್ತ್ರಕ್ರಿಯೆಯ ಸಂಪ್ರದಾಯವಿದೆ. ಜೋಗಪ್ಪಗಳ ಸಂಪ್ರದಾಯದಲ್ಲಿ ಅದು ಕಡ್ಡಾಯವಲ್ಲ.

ಈ ಜೋಗತಿ ಪರಂಪರೆಯಿಂದಲೇ ಬಂದವರು ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ. ಗಂಡಾಗಿ ಹುಟ್ಟಿ, ಹರೆಯದಲ್ಲಿ ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆದರೆ ಬದುಕಿನ ಒಂದು ಘಟ್ಟದಲ್ಲಿ ತಾನು ವಿಷ ಕುಡಿದದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ಪ್ರಶಸ್ತಿಯ ಚಿತ್ರ ನೋಡುವ ನಾವು ಆ ವಿಷದ ಮಾತನ್ನೂ ನೆನಪಿಡಬೇಕು. ಅದೃಷ್ಟವಶಾತ್ ಅವರು ಬದುಕಿದರು.

ಈಗ ದೇವದುರ್ಗದ ತಂದೆಯ ಮಾತಿಗೆ ಬನ್ನಿ. ನಾಟಕದಲ್ಲಿ ಒಮ್ಮೆ ಸೀರೆ ಉಟ್ಟ ಹದಿಮೂರರ ಹುಡುಗನನ್ನು ಗುಡಿಗೆ ಒಯ್ದು ಮುತ್ತು ಕಟ್ಟಿಸಿದರೆ, ಅವನು ಯಾರೆಂದು ಅವನಿಗೇ ತಿಳಿಯುವ ಮೊದಲು ಊರು ತೀರ್ಪು ಕೊಟ್ಟಂತೆ.

4. "ಮದುವೆ ಮಾಡಿದರೆ ಸರಿಯಾಗುತ್ತದೆ"

ಮೊದಲನೆಯದಾಗಿ, 21 ವರ್ಷ ತುಂಬದ ಹುಡುಗನ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ವಿರುದ್ಧ. ಎರಡನೆಯದಾಗಿ, ವಯಸ್ಸಿಗೆ ಬಂದ ಮೇಲೂ ಮದುವೆ ಔಷಧವಲ್ಲ. ನಿಜವಾಗಿಯೂ ಬೇರೆ ಒಲವಿರುವವನನ್ನು ಬಲವಂತದಿಂದ ಮಂಟಪಕ್ಕೆ ತಂದರೆ ಏನೂ ಅರಿಯದ ಹೆಣ್ಣುಮಗಳೊಬ್ಬಳ ಬಾಳೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಾಯದ ಸಮ್ಮತಿ ಸಮ್ಮತಿಯಲ್ಲ ಎಂಬುದು ಧರ್ಮಸಭೆಯ ಮದುವೆ ಕಾನೂನಿನ ಬುನಾದಿ. ವಿವಾಹ ಸಿದ್ಧತಾ ಶಿಬಿರ ನಡೆಸುವವರು ಇದನ್ನು ಪೋಷಕರಿಗೂ ಹೇಳಬೇಕು.

5. "ಇದೊಂದು ಕಾಯಿಲೆ, ಡಾಕ್ಟರರ ಬಳಿ ಹೋದರೆ ವಾಸಿ"

ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಒಲವನ್ನು ಬದಲಿಸುವ 'ಚಿಕಿತ್ಸೆ' ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿದೆ. ಆಪ್ತ ಸಮಾಲೋಚನೆ ಬೇಕಿದ್ದರೆ ಅದು ಬೇಕಿರುವುದು ಹುಡುಗನ ಹೆದರಿಕೆಗೆ, ತಂದೆಯ ಗಾಬರಿಗೆ, ಚಾಪೆ ಎಳೆದ ಹುಡುಗರ ಕ್ರೌರ್ಯಕ್ಕೆ.

6. "ಪವಿತ್ರ ಗ್ರಂಥವೇ ನಿಷೇಧಿಸಿದೆಯಲ್ಲ"

ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 5ನೇ ವಚನವನ್ನು ಹಲವರು ಎತ್ತಿ ತೋರಿಸುತ್ತಾರೆ. ಅದೇ ಅಧ್ಯಾಯದ 11ನೇ ವಚನ ಉಣ್ಣೆ ಮತ್ತು ನಾರು ಬೆರೆಸಿ ನೇಯ್ದ ಬಟ್ಟೆಯನ್ನೂ ನಿಷೇಧಿಸುತ್ತದೆ. ಅದನ್ನು ನಾವು ಯಾರಿಗೂ ಅನ್ವಯಿಸುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಈ ನಿಷೇಧವನ್ನು ಅನ್ಯ ಆರಾಧನೆಗಳ ಹಿನ್ನೆಲೆಯಲ್ಲಿಟ್ಟು ನೋಡಿದರು. ಅವಶ್ಯಕತೆ ಬಿದ್ದಾಗ, ಉದಾಹರಣೆಗೆ ಶತ್ರುಗಳಿಂದ ತಪ್ಪಿಸಿಕೊಳ್ಳಲು, ಬೇರೆ ಲಿಂಗದ ಉಡುಪು ತೊಡುವುದು ಪಾಪವಲ್ಲ ಎಂದರು.

ಜೋನ್ ಆಫ್ ಆರ್ಕ್ ಅವರನ್ನು ನೆನಪಿಸಿಕೊಳ್ಳಿ. ಗಂಡು ಉಡುಪು ತೊಟ್ಟದ್ದು ಅವರ ಮೇಲಿನ ಆರೋಪಗಳಲ್ಲಿ ಒಂದಾಗಿತ್ತು. 1431ರ ಮೇ 30ರಂದು ಅವರನ್ನು ಜೀವಂತ ಸುಟ್ಟರು. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ಅವರು ಸಂತ ಪದವಿಗೇರಿದರು. ಉಡುಪು ನೋಡಿ ತೀರ್ಪು ಕೊಟ್ಟವರಲ್ಲಿ ಧರ್ಮಾಧ್ಯಕ್ಷರೂ ಇದ್ದರು ಎಂಬುದನ್ನು ಗುರುವಾದ ನಾನು ಮರೆಯುವಂತಿಲ್ಲ.

ಲೈಂಗಿಕ ನೀತಿಯ ಬಗ್ಗೆ ಧರ್ಮಸಭೆಯ ಬೋಧನೆ ಬದಲಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಮಾನವ ಘನತೆಯ ಕುರಿತು ರೋಮ್ ಹೊರಡಿಸಿದ ಪತ್ರವು ಲಿಂಗ ಬದಲಾವಣೆಯನ್ನು ಒಪ್ಪಿಲ್ಲ. ಅದೇ ಪತ್ರ, ಒಲವು ಯಾವುದೇ ಇರಲಿ, ಪ್ರತಿಯೊಬ್ಬರ ಘನತೆಯನ್ನು ಗೌರವಿಸಬೇಕು, ಹಿಂಸೆ ಸಲ್ಲದು ಎನ್ನುತ್ತದೆ. ಕಥೋಲಿಕ ಧರ್ಮೋಪದೇಶದ 2358ನೇ ಕಂಡಿಕೆ ಗೌರವ, ಕರುಣೆ, ಸೂಕ್ಷ್ಮತೆಯಿಂದ ಸ್ವೀಕರಿಸಲು ಹೇಳುತ್ತದೆ. ಬೋಧನೆಯ ಮೊದಲ ಭಾಗವನ್ನು ಗಟ್ಟಿಯಾಗಿ, ಎರಡನೆಯದನ್ನು ಮೆಲ್ಲಗೆ ಹೇಳುವುದು ನಮ್ಮ ದೋಷ.

7. "ಇಂಥವರಿಗೆ ಭಿಕ್ಷೆ ಬಿಟ್ಟರೆ ಬೇರೆ ದಾರಿಯಿಲ್ಲ"

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ತೃತೀಯ ಲಿಂಗಿಗಳನ್ನು ಕಾನೂನಿನಲ್ಲಿ ಗುರುತಿಸಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಎರಡು ತೀರ್ಪುಗಳು, ಎರಡು ವಿಷಯಗಳು. ಇವನ್ನೂ ಒಂದೆಂದು ತಿಳಿಯುವವರಿದ್ದಾರೆ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ತೃತೀಯ ಲಿಂಗಿಗಳಿಗೆ ಶೇಕಡಾ 1 ಮೀಸಲಾತಿ ತಂದಿತು. ಮರುವರ್ಷವೇ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ ಆಯ್ಕೆ ಪಟ್ಟಿಯಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಅಭ್ಯರ್ಥಿಯೊಬ್ಬರ ಹೆಸರಿತ್ತು. ಶಾಲೆ ಬಿಡಿಸದೆ ಓದಿಸಿದರೆ ದಾರಿ ತೆರೆಯುತ್ತದೆ ಎಂಬುದಕ್ಕೆ ಆ ಸೀಮೆಯಲ್ಲೇ ಸಾಕ್ಷಿಯಿದೆ.

ನಾವು ಮಾಡಬೇಕಾದ್ದೇನು?

ಸಿಸ್ಟರ್‌ಗೆ ನಾನು ಹೇಳಿದ್ದು ಇಷ್ಟು. ಹುಡುಗ 'ಯಾವ ಥರದವನು' ಎಂದು ನಿರ್ಧರಿಸುವುದು ನಿಮ್ಮ ಕೆಲಸವಲ್ಲ, ನನ್ನ ಕೆಲಸವೂ ಅಲ್ಲ. ಅವನನ್ನು ಕರೆದು ವಿಚಾರಣೆ ಮಾಡಬೇಡಿ. ತಾನಾಗಿ ಮಾತಾಡಿದರೆ ಕೇಳಿ, ಊರಿಗೆ ಹೇಳಬೇಡಿ. ಅವನಿಂದ ಉಳಿದ ಮಕ್ಕಳಿಗೆ ಅಪಾಯ ಎಂಬ ಭಯಕ್ಕೆ ಆಧಾರವಿಲ್ಲ. ಬಾಗಿಲ ಬಳಿ ಒಂಟಿಯಾಗಿ ಮಲಗುವ ಹುಡುಗನಿಗೇ ರಕ್ಷಣೆ ಬೇಕು. ಅಡ್ಡ ಹೆಸರು ಕೂಗುವವರನ್ನು ಅಂದೇ ತಡೆಯಿರಿ. ತಂದೆಗೆ ಗದರಬೇಡಿ, ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದು ಒಪ್ಪಿಸಿ.

ನಮ್ಮ ಕರಾವಳಿಯಲ್ಲೂ ಇಂಥ ಮಕ್ಕಳಿದ್ದಾರೆ. ರಾಯಚೂರು ಕಡೆಯಿಂದ ಗುಳೆ ಬಂದು ಇಲ್ಲಿ ಕಟ್ಟಡ ಕಟ್ಟುವವರ ಮಕ್ಕಳಲ್ಲಿ ಇದ್ದಾರೆ, ನಮ್ಮ ವಾಳೆಗಳ ಮನೆಗಳಲ್ಲೂ ಇದ್ದಾರೆ.

ಕಳೆದ ವಾರ ಸಿಸ್ಟರ್ ಮತ್ತೆ ಕರೆ ಮಾಡಿದ್ದರು. ತಂದೆ ಸದ್ಯಕ್ಕೆ ಒಪ್ಪಿದ್ದಾರೆ. ಹುಡುಗ ಮುಂದಿನ ನಾಟಕದಲ್ಲಿ ಪಾತ್ರ ಬೇಡ ಎಂದಿದ್ದಾನೆ; ಆ ನೋವು ಆರಲು ಸಮಯ ಬೇಕು. ಚಾಪೆ ಮಾತ್ರ ಮತ್ತೆ ಸಾಲಿಗೆ ಬಂದಿದೆ.