ಹುಬ್ಬಳ್ಳಿಯ ಶಸ್ತ್ರವೈದ್ಯ ಆಂಟಿಯಾ

ಮೂರನೆಯ ಮೈಸೂರು ಯುದ್ಧದ ದಂಡು 1791ರ ಡಿಸೆಂಬರಿನಲ್ಲಿ ನಮ್ಮ ಸೀಮೆಗೂ ಬಂದು, ಈಗ ಭದ್ರಾವತಿ ತಾಲ್ಲೂಕಿಗೆ ಸೇರಿರುವ ಹೊಳೆಹೊನ್ನೂರೂ ಅದರ ಬೆನ್ನಿಗೇ ಶಿವಮೊಗ್ಗವೂ ಮರಾಠಾ ದಳಪತಿ ಪರಶುರಾಮ ಭಾವುವಿನ ಮುತ್ತಿಗೆಗೆ ಸಿಕ್ಕಿದುದನ್ನು ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಅದೇ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದು, ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಕಾವಸ್ಜಿಯೆಂಬವನ ಸಂಗತಿಯಾದರೋ ಅವರ ಪುಟಗಳಿಗಿಂತ ವೈದ್ಯರ ಪುಟಗಳಲ್ಲಿ ಹೆಚ್ಚಾಗಿ ಉಳಿದಿದೆ. ಪುಣೆಯ ಸಮೀಪದಲ್ಲಿ, ವಂಶಪರಂಪರೆಯಿಂದ ಮೂಗು ಕೂಡಿಸುವ ವಿದ್ಯೆಯನ್ನು ಬಲ್ಲವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ತೆಳ್ಳನೆಯ ಮೇಣದ ತಗಡಿನಿಂದ ಮೂಗಿನ ಆಕಾರವನ್ನು ರೂಪಿಸಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಅದರ ಸುತ್ತ ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವಿನ ಒಂದು ಎಳೆಯನ್ನು ಮಾತ್ರ ಕತ್ತರಿಸದೆ ಉಳಿಸಿ, ಅದರ ಮೂಲಕ ರಕ್ತಸಂಚಾರ ನಿಲ್ಲದಂತೆ ಚರ್ಮವನ್ನು ಕೆಳಕ್ಕೆ ತಿರುಗಿಸಿ ಕೂಡಿಸಿದನು. ಅಂಟಿಗೆ ಬಳಸಿದ್ದು ನೀರಿನಲ್ಲಿ ಕಲಸಿದ ಕಾಚು. ನಾಲ್ಕು ದಿನಗಳಾದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ವೀಳ್ಯದ ತಟ್ಟೆಯನ್ನು ಬಲ್ಲ ಮಲೆನಾಡಿನವರಿಗೆ ಈ ಕಾಚನ್ನು ಪರಿಚಯಿಸಬೇಕಾಗಿಲ್ಲ. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಚರ್ಮವು ಅಲ್ಲಿಯೇ ಬೇರೂರಿದ ಬಳಿಕ, ಉಳಿಸಿದ್ದ ಆ ಎಳೆಯನ್ನು ಕತ್ತರಿಸುತ್ತಿದ್ದರು.

ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ಕ್ರಮವನ್ನು ಅಲ್ಲಿ ಆಚರಣೆಗೆ ತಂದನು. ಮೊದಲನೆಯ ಮಹಾಯುದ್ಧದಲ್ಲಿ ಮುಖವೇ ಛಿದ್ರವಾದ ಸೈನಿಕರನ್ನು ಕೈಗೆತ್ತಿಕೊಂಡ ಹೆರಾಲ್ಡ್ ಗಿಲೀಸ್, ಈ ವಿದ್ಯೆಗೆ ಆಧುನಿಕ ಶಾಸ್ತ್ರದ ಸ್ಥಾನವನ್ನು ತಂದುಕೊಟ್ಟರು. ಆ ಗಿಲೀಸರ ಬಳಿ ಕಲಿತು ಹಿಂದಿರುಗಿದವರಲ್ಲಿ ಒಬ್ಬರು, 1922ರಲ್ಲಿ ಹುಬ್ಬಳ್ಳಿಯ ಪಾರಸಿ ಕುಟುಂಬದಲ್ಲಿ ಹುಟ್ಟಿದ ಡಾ. ನೋಶಿರ್ ಆಂಟಿಯಾ.

ವಿದೇಶದ ಪದವಿ ಹೊತ್ತು ಬಂದ ಶಸ್ತ್ರವೈದ್ಯನಿಗೆ ಸಿರಿವಂತರ ಮುಖಗಳು ಸುಲಭವಾಗಿ ದೊರೆಯುತ್ತವೆ. ಆಂಟಿಯಾ ಆರಿಸಿಕೊಂಡದ್ದು, ಅನ್ಯರು ಮುಟ್ಟಲೂ ಅಂಜುತ್ತಿದ್ದ ಕುಷ್ಠರೋಗಿಗಳನ್ನು. ಪುಣೆಯ ಬಳಿಯ ಕೊಂಢವಾದಲ್ಲಿ ಆ ರೋಗಿಗಳ ಶಸ್ತ್ರಚಿಕಿತ್ಸೆಗೆ ತೊಡಗಿದ ಅವರು, ತರುವಾಯ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಕಟ್ಟಿ, ಊರ ಹೊರಗಿನ ಆಶ್ರಮಗಳಿಗೆ ಮೀಸಲೆಂದು ಭಾವಿಸಲಾಗಿದ್ದ ಆ ರೋಗಿಗಳಿಗೂ ಸಾಮಾನ್ಯ ಆಸ್ಪತ್ರೆಯ ಬಾಗಿಲನ್ನು ತೆರೆದರು. ಅವರು ಹೊಲಿದ ಎಲ್ಲ ಹೊಲಿಗೆಗಳಿಗಿಂತಲೂ ಈ ಒಂದು ಕಾರ್ಯವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಕುಷ್ಠರೋಗದಲ್ಲಿ ಮೂಗು ಕುಸಿಯುವ ಪರಿಯನ್ನು ತುಸು ವಿವರಿಸಬೇಕು. ನೋಡುವವರಿಗೆ ಮೂಗೇ ಕರಗಿಹೋದಂತೆ ತೋರಿದರೂ, ನಷ್ಟವಾಗಿರುವುದು ಮುಖ್ಯವಾಗಿ ಒಳಪೊರೆ ಮತ್ತು ಮೃದ್ವಸ್ಥಿ. ಒಳಗಿನ ಆಧಾರ ಕಳಚಿದ್ದರಿಂದ ಹೊರಚರ್ಮವು ಕುಗ್ಗಿ ಒಳಕ್ಕೆ ಎಳೆದುಕೊಂಡಿರುತ್ತದೆಯೇ ಹೊರತು ಇಲ್ಲದಾಗಿರುವುದಿಲ್ಲ. ಆದುದರಿಂದ ಇಲ್ಲಿ ಹಣೆಯನ್ನು ಕೊಯ್ಯುವ ಕಾರಣವಿಲ್ಲ. ಗಿಲೀಸರು ತೋರಿದ ಮಾರ್ಗದಲ್ಲಿ, ಮೇಲ್ದುಟಿಯನ್ನೆತ್ತಿ, ಅದರ ಒಳಬದಿಯಿಂದ ಪ್ರವೇಶಿಸಿ, ಅಂಟಿಕೊಂಡ ಚರ್ಮವನ್ನು ಬಿಡಿಸಿ, ಅಚ್ಚೊಂದಕ್ಕೆ ಹೊದಿಸಿದ ತೆಳುಚರ್ಮವನ್ನು ಒಳಗೆ ಸೇರಿಸಿದರೆ, ಹೊಸ ಒಳಪೊರೆ ಕೂಡಿಕೊಂಡು, ಮುಖದ ಹೊರಗೆ ಒಂದು ಗಾಯದ ಗುರುತೂ ಕಾಣದೆ ಮೂಗು ಮೇಲೇಳುತ್ತದೆ. ಕಿವಿಯ ಅಂಚು ಹರಿದುಹೋದಾಗ ಉಳಿದ ಕಿವಿಯನ್ನೇ ಜರುಗಿಸಿ ಕೂಡಿಸುವ, 1967ರಲ್ಲಿ ಪ್ರಕಟವಾದ ವಿಧಾನವೊಂದು ಇಂದಿಗೂ ಲೋಕದ ವೈದ್ಯಗ್ರಂಥಗಳಲ್ಲಿ ಆಂಟಿಯಾ ಮತ್ತು ಅವರ ಸಹೋದ್ಯೋಗಿ ಬುಚ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಅವರ ಶ್ರಮದ ಇನ್ನೊಂದು ಕ್ಷೇತ್ರ ಸುಟ್ಟಗಾಯ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯಂಥ ಊರಿಗೆ ಬೆಂಕಿಯ ಸ್ವಭಾವವನ್ನು ಹೇಳಿಕೊಡಬೇಕಿಲ್ಲ. ಆದರೆ ಗಾಯ ಮಾಯುವ ಹೊತ್ತಿನಲ್ಲಿಯೇ ಎರಡನೆಯ ಅನರ್ಥ ಒದಗುತ್ತದೆಂಬುದನ್ನು ಅನೇಕರು ಅರಿಯರು. ಆಳವಾಗಿ ಬೆಂದ ಚರ್ಮ ಮಾಯುತ್ತ ಮಾಯುತ್ತ ಸೆಟೆದು, ಬೆರಳುಗಳನ್ನು ಅಂಗೈಗೂ ಗದ್ದವನ್ನು ಎದೆಗೂ ಎಳೆದು ಕಟ್ಟಿಬಿಡುತ್ತದೆ. ಕುಲುಮೆಯ ಮುಂದೆ ದುಡಿಯುವವನಾಗಲಿ ಒಲೆಯ ಮುಂದೆ ಸೆರಗಿಗೆ ಬೆಂಕಿ ಹತ್ತಿಸಿಕೊಂಡವಳಾಗಲಿ, ಸಕಾಲದಲ್ಲಿ ತೊಡೆಯಿಂದ ತೆಳುಚರ್ಮ ತೆಗೆದು ಕಸಿ ಮಾಡಿ, ಕೈಯನ್ನು ಬಿಡಿಸಿದ ಸ್ಥಿತಿಯಲ್ಲಿ ಪಟ್ಟಿ ಕಟ್ಟಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರೆ ಮಾತ್ರ ಮತ್ತೆ ತುತ್ತೆತ್ತಲು ಸಾಧ್ಯ. ಇಂಥ ಕೈಚಳಕಕ್ಕಾಗಿ ಇಂದಿನ ತರುಣ ವೈದ್ಯನು ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಎಂ.ಎಸ್., ಮತ್ತೆ ಮೂರು ವರ್ಷ ಎಂ.ಸಿಎಚ್. ಓದಬೇಕು, ಆ ಬಳಿಕ ಅವನು ಮೊಡವೆಯ ಕಲೆ ಅಳಿಸುವುದರಲ್ಲಿಯೇ ಆಯುಷ್ಯವನ್ನು ಕಳೆಯುವುದು ಅವನ ಇಷ್ಟ, ನಮ್ಮ ದುರದೃಷ್ಟ.

ಆಂಟಿಯಾ ಕಡೆಗೆ ತಮ್ಮ ವಿದ್ಯೆಯನ್ನೇ ಪ್ರಶ್ನಿಸಿಕೊಂಡರು. ತಮ್ಮ ಬಳಿಗೆ ಬರುವ ಪ್ರತಿಯೊಂದು ಮುರುಟಿದ ಕೈಯೂ ಊರಿನಲ್ಲಿ ಯಾರೂ ಮೊದಲೇ ಗಮನಿಸದಿದ್ದುದರ ಫಲವೆಂದು ಕಂಡುಕೊಂಡು, ಮುಂಬಯಿಯ ಕೊಲ್ಲಿಯಾಚೆಯ ಮಾಂಡ್ವಾದಲ್ಲಿ, ಓದುಬರಹ ಅಷ್ಟಾಗಿ ಇಲ್ಲದ ಹಳ್ಳಿಯ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿದರು. ಸಮುದಾಯ ಆರೋಗ್ಯದ ಸಂಶೋಧನೆಗೆ 1975ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು, 1990ರಲ್ಲಿ ಪದ್ಮಶ್ರೀ ಬಂದಿತು, 2007ರಲ್ಲಿ ತೀರಿಕೊಂಡರು. ಆ ಹೆಂಗಸರು ನೋಡುತ್ತಿದ್ದುದು ಮೈಮೇಲಿನ ಮಾಸಲು ಮಚ್ಚೆಗೆ ಸ್ಪರ್ಶ ತಿಳಿಯುವುದೋ ಇಲ್ಲವೋ ಎಂಬುದನ್ನು. ಆ ಹಂತದಲ್ಲಿಯೇ ಪತ್ತೆಯಾದ ಕುಷ್ಠಕ್ಕೆ ಆರು ಇಲ್ಲವೆ ಹನ್ನೆರಡು ತಿಂಗಳ ಮಾತ್ರೆ ಸಾಕಾಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ಹಿಡಿದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಸರಕಾರ ಅದನ್ನು ಉಚಿತವಾಗಿ ಕೊಡುತ್ತದೆ.